ಎದೆನೋವನ್ನು ‘ಗ್ಯಾಸ್’ ಅಂತ ಬಿಡಬೇಡಿ
ಹೃದಯದ ರಕ್ತನಾಳ ಕಾಯಿಲೆಯ ಬಗ್ಗೆ ಸಂಶೋಧನೆಗಳು ನಮಗೆ ಕಲಿಸಿದ ಪಾಠ



2025ರ ಮೇ, ಜೂನ್ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಿಂದ ಒಂದರ ಹಿಂದೆ ಒಂದರಂತೆ ಹೃದಯಾಘಾತದ ಸಾವಿನ ಸುದ್ದಿಗಳು ಬಂದವು. ಸತ್ತವರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು. ಜನ ಗಾಬರಿಯಾಗಿ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಿನ ಜಾವದಿಂದಲೇ ಸಾಲು ನಿಂತರು. ಸರ್ಕಾರ ನೇಮಿಸಿದ ತಜ್ಞರ ಸಮಿತಿ ಪರಿಶೀಲನೆ ನಡೆಸಿ, ಸಾವುಗಳ ಸಂಖ್ಯೆಯಲ್ಲಿ ಅಸಹಜವಾದ ಏರಿಕೆ ಕಂಡುಬಂದಿಲ್ಲ ಎಂದು ಜುಲೈ ತಿಂಗಳಲ್ಲಿ ತಿಳಿಸಿತು. ಆದರೂ ಜನರ ಮನಸ್ಸಿನ ಭಯ ಅಷ್ಟು ಸುಲಭವಾಗಿ ಹೋಗಲಿಲ್ಲ.

ನಮ್ಮ ಸ್ವಸಹಾಯ ಸಂಘಗಳ ಸಭೆಗಳಲ್ಲಿ ಈಗಲೂ ಅದೇ ಪ್ರಶ್ನೆಗಳು ಬರುತ್ತವೆ. “ಸಿಸ್ಟರ್, ನಾವೂ ಒಂದ್ಸಲ ಇಸಿಜಿ ಮಾಡಿಸ್ಬೇಕಾ?” “ಗ್ಯಾಸ್ ನೋವಿಗೂ ಹಾರ್ಟ್ ನೋವಿಗೂ ವ್ಯತ್ಯಾಸ ಹೇಗೆ ಗೊತ್ತಾಗುತ್ತೆ?” “ಸ್ಟೆಂಟ್ ಹಾಕಿಸ್ಬಿಟ್ರೆ ಆಮೇಲೆ ಭಯ ಇಲ್ವಲ್ಲಾ?” ಇವುಗಳಿಗೆ ಉತ್ತರ ಹುಡುಕಲು ವೈದ್ಯಲೋಕ ನೂರು ವರ್ಷಕ್ಕೂ ಹೆಚ್ಚು ಕಾಲ ದುಡಿದಿದೆ. ಆ ಸಂಶೋಧನೆಗಳ ಸಾರವನ್ನು ನಮಗೆ ತಿಳಿದಷ್ಟು ಸರಳವಾಗಿ ಇಲ್ಲಿ ಹೇಳುತ್ತೇವೆ.

ಕಾಯಿಲೆ ಎಂದರೆ ಏನು?

ಹೃದಯ ನಮ್ಮ ಮುಷ್ಟಿಯಷ್ಟು ದೊಡ್ಡದಾದ ಒಂದು ಸ್ನಾಯು. ದಿನಕ್ಕೆ ಸುಮಾರು ಒಂದು ಲಕ್ಷ ಬಾರಿ ಬಡಿದು ಮೈಗೆಲ್ಲ ರಕ್ತ ಒದಗಿಸುತ್ತದೆ. ಊರಿಗೆಲ್ಲ ನೀರು ಕೊಡುವ ಪಂಪಿಗೂ ಕರೆಂಟು ಬೇಕಲ್ಲವೇ? ಹಾಗೆಯೇ ಹೃದಯಕ್ಕೂ ತನ್ನದೇ ಆದ ರಕ್ತದ ಪೂರೈಕೆ ಬೇಕು. ಅದನ್ನು ಕೊಡುವ ಸಣ್ಣ ರಕ್ತನಾಳಗಳು ಹೃದಯದ ಮೇಲೆ ಕಿರೀಟದಂತೆ ಹರಡಿಕೊಂಡಿವೆ. ಇವನ್ನೇ ಪರಿಧಮನಿಗಳು ಎನ್ನುತ್ತಾರೆ.

ವರ್ಷಗಳು ಕಳೆದಂತೆ ಈ ನಾಳಗಳ ಒಳಗೋಡೆಯಲ್ಲಿ ಕೊಬ್ಬು ಸೇರಿ ಗಡ್ಡೆ ಕಟ್ಟುತ್ತದೆ. ನಾಳ ಕಿರಿದಾದಾಗ ಬೆಟ್ಟ ಹತ್ತುವಾಗ, ಹೊರೆ ಹೊರುವಾಗ ಎದೆ ಹಿಡಿದಂತಾಗಿ, ಸ್ವಲ್ಪ ಕೂತರೆ ಸರಿಹೋಗುತ್ತದೆ. ಇದು ಎಚ್ಚರಿಕೆಯ ಗಂಟೆ. ಹೃದಯಾಘಾತ ಬೇರೆ. ಕೊಬ್ಬಿನ ಗಡ್ಡೆಯ ಮೇಲಿನ ಪೊರೆ ಒಂದು ದಿನ ಇದ್ದಕ್ಕಿದ್ದಂತೆ ಬಿರಿಯುತ್ತದೆ. ಗಾಯವಾದ ಕಡೆ ರಕ್ತ ಹೆಪ್ಪುಗಟ್ಟುವಂತೆ ಅಲ್ಲೂ ಹೆಪ್ಪುಗಟ್ಟಿ ನಾಳ ಪೂರ್ತಿ ಮುಚ್ಚಿಹೋಗುತ್ತದೆ. ಅದರಾಚೆಯ ಸ್ನಾಯು ರಕ್ತವಿಲ್ಲದೆ ನಿಮಿಷ ನಿಮಿಷಕ್ಕೂ ಸಾಯತೊಡಗುತ್ತದೆ.

ಒಂದು ಮಾತು ಚೆನ್ನಾಗಿ ನೆನಪಿಡಿ: ಬಿರಿಯುವ ಗಡ್ಡೆ ಯಾವಾಗಲೂ ದೊಡ್ಡದೇ ಆಗಿರಬೇಕಿಲ್ಲ. ನಾಳವನ್ನು ಅರ್ಧದಷ್ಟೂ ಮುಚ್ಚದ ಸಣ್ಣ ಗಡ್ಡೆಯೂ ಬಿರಿಯಬಹುದು. ನಿನ್ನೆ ಇಡೀ ದಿನ ಗದ್ದೆ ಕೆಲಸ ಮಾಡಿದವರು ಇವತ್ತು ಬೆಳಿಗ್ಗೆ ಕುಸಿದು ಬೀಳುವುದಕ್ಕೆ ಇದೂ ಒಂದು ಕಾರಣ.

ಒಳಗೆ ಇಣುಕಿ ನೋಡಿದವರು

ಹಾಲೆಂಡಿನ ವಿಲ್ಲೆಮ್ ಐಂತೋವನ್ ಎಂಬ ವಿಜ್ಞಾನಿ ಹೃದಯದ ವಿದ್ಯುತ್ ಮಿಡಿತವನ್ನು ದಾಖಲಿಸುವ ಯಂತ್ರವನ್ನು 1900ರ ದಶಕದ ಆರಂಭದಲ್ಲಿ ರೂಪಿಸಿದರು. ಇಂದಿನ ಇಸಿಜಿ ಅದರ ಕುಡಿ. ಅದಕ್ಕಾಗಿ 1924ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು.

1929ರಲ್ಲಿ ಜರ್ಮನಿಯ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿದ್ದ ವರ್ನರ್ ಫೋರ್ಸ್‌ಮನ್ ಎಂಬ ಎಳೆಯ ವೈದ್ಯ ತನ್ನ ತೋಳಿನ ರಕ್ತನಾಳಕ್ಕೆ ತಾನೇ ಸಪೂರವಾದ ನಳಿಕೆ ತೂರಿಸಿಕೊಂಡ. ಅದು ಹೃದಯದವರೆಗೆ ಹೋದದ್ದನ್ನು ತೋರಿಸಲು ಎಕ್ಸ್‌ರೇ ಕೋಣೆಗೆ ನಡೆದುಹೋಗಿ ಚಿತ್ರ ತೆಗೆಸಿದ. ಜನ ಅವನನ್ನು ಹುಚ್ಚನೆಂದರು. 1956ರಲ್ಲಿ ಅದೇ ಕೆಲಸಕ್ಕೆ ನೊಬೆಲ್ ಬಹುಮಾನ ಬಂತು. ಆಮೇಲೆ 1958ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಡಾ. ಮೇಸನ್ ಸೋನ್ಸ್ ಬೇರೊಂದು ಪರೀಕ್ಷೆ ಮಾಡುತ್ತಿದ್ದಾಗ ಬಣ್ಣದ ದ್ರವ ಆಕಸ್ಮಿಕವಾಗಿ ಪರಿಧಮನಿಯೊಳಕ್ಕೇ ಹೋಯಿತು. ರೋಗಿ ಬದುಕಿದ, ನಾಳದ ಚಿತ್ರವೂ ಸ್ಪಷ್ಟವಾಗಿ ಬಂತು. ಹೀಗೆ ಇಂದಿನ ಆಂಜಿಯೋಗ್ರಾಂ ಪರೀಕ್ಷೆ ಹುಟ್ಟಿತು.

ಹಾಗಾದರೆ ಎಲ್ಲರೂ ಹೋಗಿ ಇಸಿಜಿ ಮಾಡಿಸಬೇಕೇ? ತೊಂದರೆ ಇಲ್ಲದವರು ಸುಮ್ಮನೆ ಸಾಲು ನಿಲ್ಲಬೇಕಾಗಿಲ್ಲ. ಇಸಿಜಿ ಆ ಕ್ಷಣದ ಹೃದಯದ ಸ್ಥಿತಿಯನ್ನು ಹೇಳುತ್ತದೆ. ನಾಳದಲ್ಲಿ ಕೊಬ್ಬು ಇದ್ದರೂ ವಿಶ್ರಾಂತಿಯಲ್ಲಿದ್ದಾಗ ಇಸಿಜಿ ಸರಿಯಾಗಿಯೇ ಬರಬಹುದು. “ಇಸಿಜಿ ನಾರ್ಮಲ್, ಇನ್ನು ಬೀಡಿ ಸೇದಬಹುದು” ಎಂದು ತಿಳಿಯುವುದು ತಪ್ಪು. ಆದರೆ ಎದೆನೋವು ಬಂದ ಹೊತ್ತಿನಲ್ಲಿ ಅದೇ ಇಸಿಜಿ ಜೀವ ಉಳಿಸುವ ಪರೀಕ್ಷೆ. ಆಸ್ಪತ್ರೆ ತಲುಪಿದ ಹತ್ತು ನಿಮಿಷದೊಳಗೆ ಅದನ್ನು ತೆಗೆಯಬೇಕು ಎಂಬುದು ನಿಯಮ. ಅದರ ಜೊತೆಗೆ ಟ್ರೋಪೋನಿನ್ ಎಂಬ ರಕ್ತಪರೀಕ್ಷೆ ಇದೆ. ಸ್ನಾಯುವಿಗೆ ಹಾನಿಯಾದರೆ ಅದು ರಕ್ತದಲ್ಲಿ ಏರುತ್ತದೆ. ಏರಲು ಸ್ವಲ್ಪ ಸಮಯ ಬೇಕಾದ್ದರಿಂದ ಕೆಲವು ಗಂಟೆ ಬಿಟ್ಟು ಮತ್ತೆ ಮಾಡುತ್ತಾರೆ. ವೈದ್ಯರು “ಇನ್ನೂ ಸ್ವಲ್ಪ ಹೊತ್ತು ಇರಿ” ಎಂದರೆ ದುಡ್ಡು ಕೀಳಲಿಕ್ಕೆ ಅಂತ ತಿಳಿಯಬೇಡಿ.

ಹೆಪ್ಪು ಕರಗಿಸಿದರೆ ಜೀವ ಉಳಿಯುತ್ತದೆ

ಹೃದಯಾಘಾತಕ್ಕೆ ಹೆಪ್ಪೇ ಕಾರಣವೋ ಅಥವಾ ಆಘಾತದ ನಂತರ ಹೆಪ್ಪುಗಟ್ಟುತ್ತದೋ ಎಂದು ವೈದ್ಯರು ಬಹಳ ಕಾಲ ವಾದ ಮಾಡಿದರು. 1980ರಲ್ಲಿ ಅಮೆರಿಕದ ಡಾ. ಡಿವುಡ್ ಮತ್ತು ಸಂಗಡಿಗರು ಇದನ್ನು ಬಗೆಹರಿಸಿದರು. ನೋವು ಶುರುವಾಗಿ ನಾಲ್ಕು ಗಂಟೆಯೊಳಗೆ ಆಂಜಿಯೋಗ್ರಾಂ ಮಾಡಿದಾಗ 126 ಜನರಲ್ಲಿ 110 ಜನರ ನಾಳ ಪೂರ್ತಿ ಮುಚ್ಚಿತ್ತು. ಅಂದ ಮೇಲೆ ಹೆಪ್ಪನ್ನು ಕರಗಿಸಿದರೆ ಸ್ನಾಯು ಉಳಿಯಬೇಕಲ್ಲವೇ?

ಅದನ್ನು ಪರೀಕ್ಷಿಸಿದ್ದು ಐಸಿಸ್-2 ಎಂಬ ದೊಡ್ಡ ಅಧ್ಯಯನ. 1988ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. 17,187 ರೋಗಿಗಳು ಅದರಲ್ಲಿದ್ದರು. ಕೆಲವು ಕಾಸಿಗೆ ಸಿಗುವ ಆಸ್ಪಿರಿನ್ ಮಾತ್ರೆಯೊಂದೇ ಮುಂದಿನ ಐದು ವಾರಗಳ ಸಾವನ್ನು ಸುಮಾರು ಶೇ. 23ರಷ್ಟು ಕಡಿಮೆ ಮಾಡಿತು. ಹೆಪ್ಪು ಕರಗಿಸುವ ಸ್ಟ್ರೆಪ್ಟೋಕೈನೇಸ್ ಇಂಜೆಕ್ಷನ್ ಶೇ. 25ರಷ್ಟು ಕಡಿಮೆ ಮಾಡಿತು. ಎರಡನ್ನೂ ಕೊಟ್ಟಾಗ ಸಾವು ಶೇ. 42ರಷ್ಟು ಇಳಿಯಿತು. ಬೇಗ ಬಂದವರಿಗೆ ಲಾಭ ಹೆಚ್ಚು, ತಡವಾದಷ್ಟೂ ಲಾಭ ಕಡಿಮೆ.

ಇದರ ನಡುವೆ 1977ರ ಸೆಪ್ಟೆಂಬರಿನಲ್ಲಿ ಸ್ವಿಜರ್‌ಲ್ಯಾಂಡಿನ ಜ್ಯೂರಿಕ್‌ನಲ್ಲಿ ಡಾ. ಆಂಡ್ರಿಯಾಸ್ ಗ್ರುಂಟ್‌ಜಿಗ್ ಸಣ್ಣ ಬಲೂನ್ ಊದಿ ನಾಳ ಬಿಡಿಸುವ ಆಂಜಿಯೋಪ್ಲಾಸ್ಟಿಯನ್ನು ಮೊದಲ ಸಲ ಮಾಡಿದ್ದರು. 1986ರಲ್ಲಿ ಲೋಹದ ಜಾಲರಿ, ಅಂದರೆ ಸ್ಟೆಂಟ್ ಬಂತು. ಹೃದಯಾಘಾತದ ಸಮಯದಲ್ಲಿ ಬೇಗನೆ ಆಂಜಿಯೋಪ್ಲಾಸ್ಟಿ ಮಾಡಲು ಸಾಧ್ಯವಿದ್ದರೆ ಅದೇ ಉತ್ತಮ. ಎರಡು ಗಂಟೆಯೊಳಗೆ ಅದು ಆಗುವ ಹಾಗಿಲ್ಲದಿದ್ದರೆ ಹತ್ತಿರದ ಆಸ್ಪತ್ರೆಯಲ್ಲೇ ಇಂಜೆಕ್ಷನ್ ಕೊಟ್ಟು ನಂತರ ದೊಡ್ಡ ಆಸ್ಪತ್ರೆಗೆ ಕಳಿಸಬೇಕು. ಹಳ್ಳಿಯ ನಮಗೆ ಈ ಎರಡನೆಯ ದಾರಿಯೇ ಮುಖ್ಯ.

ನಮ್ಮ ನಾಡಿನಿಂದ ಬಂದ ಕಹಿ ಸತ್ಯ

ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ನಮ್ಮ ಧರ್ಮಸಭೆಯದು. ಭಾರತದ ಕಥೋಲಿಕ ಬಿಷಪರ ಸಮ್ಮೇಳನ 1963ರಲ್ಲಿ ಅದನ್ನು ಆರಂಭಿಸಿತು. ಅಲ್ಲಿನ ಡಾ. ಡೆನಿಸ್ ಝೇವಿಯರ್, ಡಾ. ಪ್ರೇಮ್ ಪಾಯ್ಸ್ ಮೊದಲಾದವರು ನಡೆಸಿದ ‘ಕ್ರಿಯೇಟ್’ ಅಧ್ಯಯನ 2008ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ದೇಶದ 50 ನಗರಗಳ 89 ಆಸ್ಪತ್ರೆಗಳಿಗೆ ಬಂದ 20,468 ಹೃದ್ರೋಗಿಗಳ ವಿವರ ಅದರಲ್ಲಿದೆ.

ಅದರಲ್ಲಿ ಕಂಡದ್ದು ಇದು. ನೋವು ಶುರುವಾದ ಮೇಲೆ ಆಸ್ಪತ್ರೆ ತಲುಪಲು ಅರ್ಧದಷ್ಟು ಜನರಿಗೆ ಆರು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹಿಡಿಯಿತು. ತಲುಪಿದ ಮೇಲೆ ಇಂಜೆಕ್ಷನ್ ಕೊಡಲು ಸುಮಾರು 50 ನಿಮಿಷ ಸಾಕಾಯಿತು. ಅಂದರೆ ಹೆಚ್ಚು ಸಮಯ ಕಳೆದದ್ದು ಮನೆಯಲ್ಲಿ ಮತ್ತು ದಾರಿಯಲ್ಲಿ. ಹೆಪ್ಪು ಕರಗಿಸುವ ಚಿಕಿತ್ಸೆ ಶ್ರೀಮಂತರಲ್ಲಿ ಶೇ. 60.6 ಜನರಿಗೆ ಸಿಕ್ಕಿದರೆ ಬಡವರಲ್ಲಿ ಶೇ. 52.3 ಜನರಿಗೆ ಸಿಕ್ಕಿತು. ಆಂಜಿಯೋಪ್ಲಾಸ್ಟಿ ಶ್ರೀಮಂತರಲ್ಲಿ ಶೇ. 15.3, ಬಡವರಲ್ಲಿ ಬರೀ ಶೇ. 2. ಒಂದು ತಿಂಗಳೊಳಗೆ ತೀರಿಕೊಂಡವರು ಶ್ರೀಮಂತರಲ್ಲಿ ಶೇ. 5.5, ಬಡವರಲ್ಲಿ ಶೇ. 8.2.

ಬಡವರ ಹೃದಯ ಹೆಚ್ಚು ದುರ್ಬಲವೇ? ಅಲ್ಲ. ಸಿಕ್ಕಿದ ಚಿಕಿತ್ಸೆಯ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಸಾವಿನ ಈ ಅಂತರ ಅಳಿಸಿಹೋಯಿತು. ಬಡವರು ಹೆಚ್ಚು ಸತ್ತದ್ದು ಚಿಕಿತ್ಸೆ ಸಿಗದೇ ಹೋದದ್ದರಿಂದ. ಈ ಒಂದು ವಾಕ್ಯವನ್ನು ಬರೆಯುವಾಗ ನಮ್ಮ ಕೈ ನಿಂತುಹೋಗುತ್ತದೆ.

ಯಾಕೆಂದರೆ ಅಂಥ ಮನೆ ನಮಗೂ ಗೊತ್ತು. ನಮ್ಮ ಸಂಘವೊಂದರ ಸದಸ್ಯೆಯ ಗಂಡನಿಗೆ ಬೆಳಗಿನ ಜಾವ ಎದೆ ಬಿಗಿಹಿಡಿಯಿತು, ಮೈಯೆಲ್ಲ ಬೆವರಿತು. ರಾತ್ರಿ ಊಟ ಜಾಸ್ತಿಯಾಯಿತೇನೋ ಅಂತ ಸೋಡಾ ಕುಡಿಸಿದರು, ಓಮ ಅಗಿಯಲು ಕೊಟ್ಟರು. ಎಂಟು ಗಂಟೆಯ ಬಸ್ಸಿಗೆ ಕಾದರು. ಹತ್ತಿರದ ಕ್ಲಿನಿಕ್ಕಿನಲ್ಲಿ ಇಸಿಜಿ ತೆಗೆಯದೆ ಗ್ಯಾಸ್ಟ್ರಿಕ್ ಇಂಜೆಕ್ಷನ್ ಕೊಟ್ಟು ಕಳಿಸಿದರು. ಮಧ್ಯಾಹ್ನ ತಾಲ್ಲೂಕು ಆಸ್ಪತ್ರೆ ತಲುಪುವಾಗ ತಡವಾಗಿತ್ತು. “ಒಂದು ಫೋನ್ ಮಾಡಿದ್ರೆ ಗಾಡಿ ಬರ್ತಿತ್ತು ಅಂತ ಆಮೇಲೆ ಗೊತ್ತಾಯ್ತು ಸಿಸ್ಟರ್” ಎಂದು ಆಕೆ ಹೇಳಿದ ಮಾತು ನಮ್ಮನ್ನು ಇನ್ನೂ ಕಾಡುತ್ತದೆ. ತಪ್ಪು ಆಕೆಯದಲ್ಲ. ತಿಳಿಸಬೇಕಾದ ನಾವು ಮೊದಲೇ ತಿಳಿಸಿರಲಿಲ್ಲ.

ಈಗ ದಾರಿ ಇದೆ

ನೆರೆಯ ತಮಿಳುನಾಡಿನಲ್ಲಿ ಸಣ್ಣ ಆಸ್ಪತ್ರೆಗಳನ್ನು ದೊಡ್ಡ ಹೃದ್ರೋಗ ಆಸ್ಪತ್ರೆಗಳಿಗೆ ಜೋಡಿಸಿ, ಆಂಬ್ಯುಲೆನ್ಸ್‌ಗಳನ್ನು ಸೇರಿಸಿ ಒಂದು ವ್ಯವಸ್ಥೆ ಮಾಡಿದರು. 2017ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಒಂದು ವರ್ಷದೊಳಗಿನ ಸಾವು ಶೇ. 17.6ರಿಂದ ಶೇ. 14.2ಕ್ಕೆ ಇಳಿಯಿತು. ಹೊಸ ಔಷಧಿ ಏನೂ ಕಂಡುಹಿಡಿಯಲಿಲ್ಲ, ಇದ್ದದ್ದನ್ನು ಸಮಯಕ್ಕೆ ತಲುಪಿಸಿದರು ಅಷ್ಟೆ.

ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರು 2018ರಲ್ಲಿ ಗ್ರಾಮೀಣ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಒದಗಿಸಿ, ಚಿತ್ರವನ್ನು ವಾಟ್ಸಾಪ್‌ನಲ್ಲಿ ತರಿಸಿಕೊಂಡು ಸಲಹೆ ಕೊಡುವ ಕೆಲಸ ಶುರುಮಾಡಿದರು. ಕರ್ನಾಟಕ ಸರ್ಕಾರ ಈಗ ‘ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಯೋಜನೆ ನಡೆಸುತ್ತಿದೆ. 2021ರ ಅಕ್ಟೋಬರ್ 29ರಂದು ನಮ್ಮನ್ನಗಲಿದ ನಟನ ಹೆಸರು ಅದಕ್ಕಿಟ್ಟಿದ್ದಾರೆ. ಯೋಜನೆಗೆ ಸೇರಿದ ಜಿಲ್ಲಾ, ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸುತ್ತಾರೆ. ಹೃದಯಾಘಾತ ಎಂದು ಖಾತ್ರಿಯಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತ. ಹೊರಗೆ ಕೊಂಡರೆ ಅದಕ್ಕೆ ಹತ್ತಾರು ಸಾವಿರ ರೂಪಾಯಿ ಆಗುತ್ತದೆ. ನಿಮ್ಮ ತಾಲ್ಲೂಕು ಆಸ್ಪತ್ರೆ ಇದರಲ್ಲಿ ಸೇರಿದೆಯೇ ಎಂದು ನೋವು ಬಂದ ದಿನ ಅಲ್ಲ, ಇವತ್ತೇ ಕೇಳಿ ತಿಳಿಯಿರಿ.

ಸ್ಟೆಂಟ್ ಯಾರಿಗೆ ಬೇಕು?

ಈ ಪ್ರಶ್ನೆಯಲ್ಲಿ ಬಡವರ ಹೊಲ, ಒಡವೆ ಎರಡೂ ಅಡಗಿವೆ. ಹೃದಯಾಘಾತ ಆಗುತ್ತಿರುವಾಗ ಸ್ಟೆಂಟ್ ಜೀವ ಉಳಿಸುತ್ತದೆ. ಅದರಲ್ಲಿ ಅನುಮಾನವಿಲ್ಲ. ಆದರೆ ಆಘಾತವಿಲ್ಲದೆ, ನಡೆದಾಗ ಮಾತ್ರ ನೋವು ಬಂದು ಕೂತರೆ ಹೋಗುವವರಿಗೆ? 2007ರ ‘ಕರೇಜ್’ ಅಧ್ಯಯನದಲ್ಲಿ 2,287 ಇಂಥ ರೋಗಿಗಳಿದ್ದರು. ಔಷಧಿಯ ಜೊತೆ ಸ್ಟೆಂಟ್ ಹಾಕಿಸಿದವರಲ್ಲಿಯೂ ಬರೀ ಔಷಧಿ ತೆಗೆದುಕೊಂಡವರಲ್ಲಿಯೂ ಸಾವು ಮತ್ತು ಹೃದಯಾಘಾತ ಹೆಚ್ಚುಕಡಿಮೆ ಒಂದೇ ಆಗಿತ್ತು. 2020ರಲ್ಲಿ ಪ್ರಕಟವಾದ ‘ಇಸ್ಕೀಮಿಯಾ’ ಅಧ್ಯಯನ 37 ದೇಶಗಳ 5,179 ಜನರಲ್ಲಿ ನಡೆಯಿತು. ಭಾರತವೂ ಅದರಲ್ಲಿತ್ತು. ಅಲ್ಲೂ ಸ್ಟೆಂಟ್ ಅಥವಾ ಬೈಪಾಸ್‌ನಿಂದ ಸಾವು ಕಡಿಮೆಯಾಗಲಿಲ್ಲ. ನೋವು ಇದ್ದವರಿಗೆ ನೋವು ಮಾತ್ರ ಚೆನ್ನಾಗಿ ಕಡಿಮೆಯಾಯಿತು.

ಕಾರಣ ನಾವು ಮೊದಲೇ ಹೇಳಿದ್ದೇ. ಸ್ಟೆಂಟ್ ಹಾಕುವುದು ಒಂದು ಜಾಗಕ್ಕೆ, ಬಿರಿಯುವ ಗಡ್ಡೆ ಇನ್ನೊಂದು ಕಡೆ ಇರಬಹುದು. ಔಷಧಿ ಎಲ್ಲ ನಾಳಗಳಿಗೂ ತಲುಪುತ್ತದೆ. ಆದರೆ ಎಡಭಾಗದ ಮುಖ್ಯ ನಾಳವೇ ಕಿರಿದಾದವರು, ಹೃದಯ ತೀರಾ ದುರ್ಬಲವಾದವರು, ನೋವು ದಿನೇ ದಿನೇ ಹೆಚ್ಚುತ್ತಿರುವವರು ಈ ಲೆಕ್ಕಕ್ಕೆ ಬರುವುದಿಲ್ಲ. ಅವರಿಗೆ ಬೇರೆ ತೀರ್ಮಾನ ಬೇಕು.

ಆದ್ದರಿಂದ ವೈದ್ಯರನ್ನು ಗೌರವದಿಂದಲೇ ಕೇಳಿ: “ಡಾಕ್ಟ್ರೇ, ಇದು ಈಗಲೇ ಹಾಕಬೇಕಾದದ್ದಾ? ಔಷಧಿಯಲ್ಲಿ ನೋಡಬಹುದಾ?” ಒಳ್ಳೆಯ ವೈದ್ಯರು ಬೇಸರಪಡುವುದಿಲ್ಲ. ಬಡ್ಡಿಗೆ ಸಾಲ ಮಾಡುವ ಮೊದಲು ಬಿಪಿಎಲ್ ಕಾರ್ಡ್ ಹಿಡಿದು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಸೌಲಭ್ಯ ವಿಚಾರಿಸಿ. ಸ್ಟೆಂಟಿನ ಬೆಲೆಗೆ 2017ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಮಿತಿ ಹಾಕಿತು. ಔಷಧಿ ಲೇಪಿತ ಸ್ಟೆಂಟಿಗೆ ಆಗ ನಿಗದಿಯಾದದ್ದು 29,600 ರೂಪಾಯಿ. ಆಮೇಲೆ ಅದು ಪರಿಷ್ಕರಣೆಯಾಗುತ್ತಾ ಬಂದಿದೆ, ಮಿತಿ ಮಾತ್ರ ಇದೆ. ಬಿಲ್ಲಿನಲ್ಲಿ ಸ್ಟೆಂಟಿನ ಬೆಲೆ ಬೇರೆಯಾಗಿ ಬರೆಸಿಕೊಳ್ಳುವುದು ನಿಮ್ಮ ಹಕ್ಕು.

ಮನೆಗೆ ಬಂದ ಮೇಲೆ

ಜಪಾನಿನ ರೈತ ಕುಟುಂಬದಲ್ಲಿ ಹುಟ್ಟಿದ ಅಕಿರಾ ಎಂಡೋ ಎಂಬ ವಿಜ್ಞಾನಿ ಸಾವಿರಾರು ಬಗೆಯ ಬೂಸ್ಟುಗಳನ್ನು ಪರೀಕ್ಷಿಸಿ, 1973ರಲ್ಲಿ ಅಕ್ಕಿಯ ಮೇಲೆ ಬೆಳೆದ ಒಂದು ಬೂಸ್ಟಿನಲ್ಲಿ ಕೊಲೆಸ್ಟರಾಲ್ ತಗ್ಗಿಸುವ ವಸ್ತುವನ್ನು ಕಂಡರು. ಅದರಿಂದ ‘ಸ್ಟಾಟಿನ್’ ಮಾತ್ರೆಗಳು ಬಂದವು. 1994ರಲ್ಲಿ 4,444 ಹೃದ್ರೋಗಿಗಳ ಅಧ್ಯಯನದಲ್ಲಿ ಈ ಮಾತ್ರೆ ಸಾವನ್ನು ಶೇ. 30ರಷ್ಟು ಕಡಿಮೆ ಮಾಡಿತು. ಇಂದು ಜನೌಷಧಿ ಕೇಂದ್ರದಲ್ಲಿ ಇದು ಕಡಿಮೆ ಬೆಲೆಗೆ ಸಿಗುತ್ತದೆ.

ಆದರೆ ನಮ್ಮವರು ಏನು ಮಾಡುತ್ತಾರೆ? ಎರಡು ತಿಂಗಳು ನುಂಗಿ “ಈಗ ಆರಾಮಿದ್ದೀನಿ” ಅಂತ ಬಿಡುತ್ತಾರೆ. ಸ್ಟೆಂಟ್ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳನ್ನು ಹೇಳದೆ ಕೇಳದೆ ನಿಲ್ಲಿಸಿದರೆ ಸ್ಟೆಂಟಿನೊಳಗೇ ಹೆಪ್ಪುಗಟ್ಟಿ ಪ್ರಾಣ ಹೋಗಬಹುದು.

ಇಲ್ಲಿ ನಮ್ಮ ಆರೋಗ್ಯ ಕಾರ್ಯಕರ್ತೆಯರಿಗೆ ಸಂತೋಷದ ಸುದ್ದಿ ಇದೆ. ಸೇಂಟ್ ಜಾನ್ಸ್ ತಂಡವೇ ಮುಂದಾಗಿ ದೇಶದ 14 ಆಸ್ಪತ್ರೆಗಳ ಸುಮಾರು 800 ರೋಗಿಗಳಲ್ಲಿ ಇನ್ನೊಂದು ಅಧ್ಯಯನ ನಡೆಸಿತು. 2016ರಲ್ಲಿ ಅದು ಪ್ರಕಟವಾಯಿತು. ತರಬೇತಿ ಪಡೆದ ಸಾಮಾನ್ಯ ಕಾರ್ಯಕರ್ತರು ರೋಗಿಗಳನ್ನು ಭೇಟಿಮಾಡಿ ಮಾತ್ರೆ, ಆಹಾರ, ತಂಬಾಕು ಬಿಡುವುದರ ಬಗ್ಗೆ ಮಾತಾಡಿದರು. ಒಂದು ವರ್ಷದ ನಂತರ ಅವರ ಭೇಟಿ ಪಡೆದವರಲ್ಲಿ ಶೇ. 97 ಜನ ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದರು, ಉಳಿದವರಲ್ಲಿ ಶೇ. 92. ರಕ್ತದೊತ್ತಡವೂ ಹೆಚ್ಚು ಹತೋಟಿಗೆ ಬಂದಿತ್ತು. ಮನೆ ಭೇಟಿ ಬರೀ ಸಮಯ ಕಳೆಯುವ ಕೆಲಸ ಅಲ್ಲ, ಅದೂ ಒಂದು ಚಿಕಿತ್ಸೆ.

ಬರದಂತೆ ತಡೆಯುವುದು

ಇದೇ ಸೇಂಟ್ ಜಾನ್ಸ್‌ನಲ್ಲಿ ಓದಿದ ಡಾ. ಸಲೀಂ ಯೂಸುಫ್ ಅವರ ನೇತೃತ್ವದಲ್ಲಿ 52 ದೇಶಗಳ ಸುಮಾರು 30,000 ಜನರ ಅಧ್ಯಯನ ‘ಇಂಟರ್‌ಹಾರ್ಟ್’ 2004ರಲ್ಲಿ ಹೊರಬಂತು. ಮೊದಲ ಹೃದಯಾಘಾತದ ಅಪಾಯದಲ್ಲಿ ಶೇ. 90ಕ್ಕೂ ಹೆಚ್ಚು ಪಾಲು ಒಂಬತ್ತು ಸಂಗತಿಗಳಿಂದ ಎಂದು ಅದು ತೋರಿಸಿತು: ತಂಬಾಕು, ಕೆಟ್ಟ ಕೊಬ್ಬು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು, ಮಾನಸಿಕ ಒತ್ತಡ, ಹಣ್ಣು ತರಕಾರಿ ಕಡಿಮೆ ತಿನ್ನುವುದು, ವ್ಯಾಯಾಮವಿಲ್ಲದಿರುವುದು ಮತ್ತು ಮದ್ಯಪಾನದ ಅಭ್ಯಾಸ. ನಮ್ಮ ಭಾಗದ ದೇಶಗಳಲ್ಲಿ ಮೊದಲ ಆಘಾತ ಬೇರೆ ಕಡೆಗಿಂತ ಸುಮಾರು ಆರು ವರ್ಷ ಮೊದಲೇ, 53ರ ಹೊತ್ತಿಗೆ ಬರುತ್ತದೆ ಎಂಬುದೂ ಅದರಿಂದ ತಿಳಿಯಿತು. ಹಣೆಬರಹ ಎಂದು ಕೂರುವ ಕಾಯಿಲೆ ಇದಲ್ಲ. ಮೂವತ್ತು ದಾಟಿದವರೆಲ್ಲ ಬಿಪಿ, ಶುಗರ್ ಪರೀಕ್ಷೆ ಮಾಡಿಸಿ. ಉಪಕೇಂದ್ರದಲ್ಲೇ ಆಗುತ್ತದೆ.

ನೆನಪಿಡಬೇಕಾದದ್ದು

• ಎದೆಯ ನಡುವೆ ಭಾರ, ಬಿಗಿತ, ಉರಿ. ಎಡತೋಳು, ದವಡೆ, ಬೆನ್ನಿಗೆ ಹರಡುವ ನೋವು. ತಣ್ಣನೆ ಬೆವರು, ವಾಂತಿ, ಉಸಿರುಕಟ್ಟುವುದು – ಇವು ಹದಿನೈದು ನಿಮಿಷ ಮೀರಿದರೆ ಹೃದಯದ್ದೇ ಎಂದು ತಿಳಿದು ಹೊರಡಿ.
• ಹೆಂಗಸರಿಗೆ, ಸಕ್ಕರೆ ಕಾಯಿಲೆಯವರಿಗೆ ನೋವೇ ಇಲ್ಲದೆ ಬರೀ ಸುಸ್ತು, ಏದುಸಿರು, ಹೊಟ್ಟೆ ತೊಳಸುವುದು ಇರಬಹುದು. “ಅಮ್ಮನಿಗೆ ಕೆಲಸ ಜಾಸ್ತಿಯಾಗಿದೆ” ಎಂದು ಬಿಡಬೇಡಿ.
• 108ಕ್ಕೆ ಫೋನ್ ಮಾಡಿ. ರೋಗಿಯನ್ನು ನಡೆಸಬೇಡಿ, ಬೈಕಿನ ಹಿಂದೆ ಕೂರಿಸಬೇಡಿ.
• ಮೊದಲು ಇಸಿಜಿ ಇರುವ ಆಸ್ಪತ್ರೆಗೆ ಹೋಗಿ, “ಇಸಿಜಿ ತೆಗೀರಿ” ಎಂದು ಕೇಳಿ.
• ಆಸ್ಪಿರಿನ್ ಅಲರ್ಜಿ, ಹೊಟ್ಟೆಹುಣ್ಣು, ರಕ್ತಸ್ರಾವ ಇಲ್ಲದವರಿಗೆ ವೈದ್ಯರ ಅಥವಾ 108 ಸಿಬ್ಬಂದಿಯ ಸಲಹೆ ಪಡೆದು ಒಂದು ಆಸ್ಪಿರಿನ್ (300 ಮಿ.ಗ್ರಾಂ.) ಅಗಿಯಲು ಕೊಡಿ. ಆರೋಗ್ಯವಂತರು ಮುಂಜಾಗ್ರತೆ ಅಂತ ದಿನಾ ಆಸ್ಪಿರಿನ್ ನುಂಗಬೇಡಿ. ಲಾಭಕ್ಕಿಂತ ರಕ್ತಸ್ರಾವದ ಅಪಾಯ ಹೆಚ್ಚು ಎಂದು 2018ರ ಸಂಶೋಧನೆಗಳು ಹೇಳಿವೆ.
• ಚೀಟಿ, ಹಳೆಯ ಇಸಿಜಿ, ರೇಷನ್ ಕಾರ್ಡ್, ಆಧಾರ್ ಒಂದೇ ಚೀಲದಲ್ಲಿ ಇಟ್ಟಿರಿ.

ದಯಾಳು ಸಮಾರಿಯದವನ ಸಾಮತಿಯನ್ನು ನಾವೆಲ್ಲ ಕೇಳಿದ್ದೇವೆ. ಅವನು ಗಾಯ ಕಟ್ಟಿದ, ತನ್ನ ಪ್ರಾಣಿಯ ಮೇಲೆ ಕೂರಿಸಿ ಛತ್ರಕ್ಕೆ ಕರೆತಂದ, ಖರ್ಚು ಕೊಟ್ಟ, ಮತ್ತೆ ಬರುತ್ತೇನೆಂದ. ಸಮಯಕ್ಕೆ ಸಿಕ್ಕ ನೆರವು, ವಾಹನ, ಚಿಕಿತ್ಸೆಯ ಖರ್ಚು, ಆಮೇಲಿನ ಭೇಟಿ – ಸಂಶೋಧನೆಗಳು ಇಂದು ನಮ್ಮಿಂದ ಕೇಳುವುದೂ ಇವನ್ನೇ. ಮುಂದಿನ ಸಂಘದ ಸಭೆಯಲ್ಲಿ ಈ ಹಾಳೆಯನ್ನು ಓದದವರಿಗೆ ಓದಿ ಹೇಳಿ. ತಾಲ್ಲೂಕು ಆಸ್ಪತ್ರೆಯ ಫೋನ್ ನಂಬರನ್ನು ಮನೆಯ ಗೋಡೆಯ ಮೇಲೆ ಬರೆದಿಡಿ. ಬೆಳಗಿನ ಜಾವ ಯಾರಿಗಾದರೂ ಎದೆ ಹಿಡಿದರೆ ಎಂಟು ಗಂಟೆಯ ಬಸ್ಸಿಗೆ ಕಾಯುವ ಮನೆ ನಮ್ಮ ಊರಿನಲ್ಲಿ ಇನ್ನೊಂದು ಇರದಿರಲಿ.